ಶ್ರೀನಿವಾಸಪುರದ ಡ್ರಿಲ್ ಮಾಸ್ತರರ ಮೇಲಿನ ಹೊಟ್ಟೆಕಿಚ್ಚು

ಶ್ರೀನಿವಾಸಪುರದ ಡ್ರಿಲ್ ಮಾಸ್ತರರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವರು ನನಗೆ ಮಾಡಿದ ಅನ್ಯಾಯವೇನು ಎಂದು ಕೇಳಿದರೆ, ಏನೂ ಇಲ್ಲ. ಅವರ ಹುಡುಗರು ಗೆಲ್ಲುತ್ತಿದ್ದರು, ನನ್ನ ಹುಡುಗರು ಸೋಲುತ್ತಿದ್ದರು, ಅಷ್ಟೆ.

ಯುದ್ಧದ ಕಾಲ ಅದು. ನಾನು ಮಾಲೂರಿನ ಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಬೆಂಗಳೂರಿನಲ್ಲಿ ಒಂದು ಬೇಸಿಗೆ ಪೂರ್ತಿ ತರಬೇತಿ ಪಡೆದು, ಬ್ಯಾಸ್ಕೆಟ್‌ಬಾಲ್ ಎಂಬ ಆಟವನ್ನು ಊರಿಗೆ ತಂದವನು ನಾನೇ. ಕಮ್ಮಾರನ ಕೈಯಲ್ಲಿ ಕಬ್ಬಿಣದ ಬಳೆ ಬಡಿಸಿ ಕಂಬಕ್ಕೆ ಹಾಕಿಸಿದ್ದೆ. ಚೆಂಡಿಗೆ ಹೊಸ ರಬ್ಬರ್ ಬ್ಲಾಡರ್ ಸಿಕ್ಕದ ದಿನಗಳು. ಸೈಕಲ್ ಷಾಪಿನ ಸಾಬರು ಹಾಕಿಕೊಟ್ಟ ತೇಪೆಗಳ ಮೇಲೆಯೇ ನಮ್ಮ ಚೆಂಡು ಪುಟಿಯುತ್ತಿತ್ತು. ಬಿಳಿ ಷರಾಯಿ, ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ಒಂದು ಎಂದರೆ ಕೈ ನೆಟ್ಟಗೆ ಮುಂದೆ, ಎರಡು ಎಂದರೆ ಚೆಂಡು ಹಿಡಿ, ಮೂರು ಎಂದರೆ ಎಸೆ. ನನ್ನ ಶಿಸ್ತೇ ಶಿಸ್ತು. ಶ್ರೀನಿವಾಸಪುರದವರೋ ತರಬೇತಿಯ ಗಾಳಿಯೂ ಸೋಕದೆ, ಪಂಚೆ ಎತ್ತಿ ಕಟ್ಟಿ ಬರಿಗಾಲಲ್ಲಿ ಮೈದಾನಕ್ಕೆ ಇಳಿಯುವ ದಪ್ಪ ಮನುಷ್ಯ. ಆದರೂ ಕೋಲಾರದ ಪಂದ್ಯದಲ್ಲಿ ಎರಡು ವರ್ಷ ಷೀಲ್ಡ್ ಅವರ ಪಾಲಾಯಿತು.

ನಮ್ಮ ಹೆಡ್‌ಮಾಸ್ತರರು ಎಲ್ಲ ಉಪಾಧ್ಯಾಯರ ಎದುರಿಗೆ, "ಅವ್ರ ಹತ್ರ ಹೋಗಿ ಸ್ವಲ್ಪ ಕಲ್ತ್ಕೊಂಡ್ ಬನ್ರಿ. ಈ ಸಲಾನೂ ಸೋತ್ರೆ ಆ ಕಂಬ ಕೀಳಿಸ್ಬಿಡ್ತೀನಿ" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು.

ಕಲಿಯಲು ಹೋಗಲಿಲ್ಲ, ಕದ್ದು ನೋಡಲು ಹೋದೆ. ಮಾವಿನ ಕಾಲದ ಒಂದು ಶನಿವಾರ ಬಂಗಾರಪೇಟೆಯಲ್ಲಿ ಇಳಿದು, ಚಿಕ್ಕ ರೈಲು ಹತ್ತಿ, ಶ್ರೀನಿವಾಸಪುರದ ಸ್ಕೂಲಿನ ಬೇಲಿಯ ಹಿಂದೆ ನಿಂತೆ. ಹುಡುಗರು ಪಕ್ಕದ ತೋಪಿನಲ್ಲಿದ್ದರು. ಒಬ್ಬ ಮರದ ಮೇಲಿಂದ ಕಾಯಿ ಕಿತ್ತು ಬಿಡುತ್ತಾನೆ, ಕೆಳಗಿದ್ದವನು ಪೆಟ್ಟಾಗದ ಹಾಗೆ ಹಿಡಿದು ಪಕ್ಕದವನಿಗೆ ಎಸೆಯುತ್ತಾನೆ, ಅವನು ಇನ್ನೊಬ್ಬನಿಗೆ, ಕೊನೆಯವನು ಮಂಕರಿಗೆ. ಮಾಸ್ತರರು ನೆರಳಲ್ಲಿ ಕೂತು ತೆಲುಗಿನಲ್ಲಿ "ಮೆಲ್ಲಗಾ ರಾ, ಮೆಲ್ಲಗಾ" ಎನ್ನುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು ಬಂದರು.

"ಬಿಸ್ಲಲ್ಲಿ ಯಾಕ್ ನಿಂತಿದ್ದೀರ ಸಾರ್? ಒಳಗ್ ಬನ್ನಿ, ಮುಚ್ಚಿಡೋದೇನೈತೆ. ಚೆಂಡು ಹಿಡಿಯೋದು ನಂಗೇನ್ ಗೊತ್ತು? ಕಾಯಿ ಹಿಡಿಯೋದು ಇವ್ರಿಗ್ ಗೊತ್ತು. ಅದನ್ನೇ ಆಡಿಸ್ತೀನಿ."

ಊಟ ಹಾಕಿದರು. ಒಂದು ಬುಟ್ಟಿ ಹಣ್ಣು ಕೊಟ್ಟು ರೈಲಿನವರೆಗೂ ಬಂದರು. ಅವರು ಅಷ್ಟು ಒಳ್ಳೆಯವರಾಗಿರದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸೋಮವಾರ ಅದೇ ಬುಟ್ಟಿಯನ್ನು ಮೈದಾನಕ್ಕೆ ತಂದು, ಸೀಟಿ ಊದಿ, ಒಂದು ಎರಡು ಮೂರು ಎಂದು ಹಣ್ಣು ಎಸೆಸಿದೆ. ಅರ್ಧ ನೆಲಕ್ಕೆ ಬಿದ್ದು ಹಿಸುಕಿಹೋದವು. ಉಳಿದರ್ಧ ನಾನು ಅತ್ತ ತಿರುಗಿದಾಗ ಹುಡುಗರ ಹೊಟ್ಟೆ ಸೇರಿದವು. ಹೆಡ್‌ಮಾಸ್ತರರು ಕಿಟಕಿಯಿಂದ ನೋಡಿ ನಕ್ಕರು.

ಆಮೇಲೆ ಒಂದು ಭಾನುವಾರ ನಮ್ಮೂರ ಸ್ಟೇಷನ್ನಿನ ಆಚೆಯ ಇಟ್ಟಿಗೆ ಗೂಡಿನ ಹತ್ತಿರ ಹೋಗುತ್ತಿದ್ದೆ. ಗೂಡಿನಿಂದ ಗಾಡಿಯವರೆಗೆ ಸಾಲಾಗಿ ನಿಂತವರು ಇಟ್ಟಿಗೆಗಳನ್ನು ಕೈಯಿಂದ ಕೈಗೆ ಎಸೆಯುತ್ತಿದ್ದರು. ಆ ಸಾಲಿನಲ್ಲಿ, ತನ್ನ ಅಪ್ಪನ ಪಕ್ಕದಲ್ಲಿ, ನಮ್ಮ ತಂಡದ ಹುಡುಗನೊಬ್ಬ ನಿಂತಿದ್ದ. ಮರದ ಕೈಯವನೆಂದು ನಾನು ದಿನವೂ ಬೈಯುತ್ತಿದ್ದವನು. ಒಂದೊಂದು ಸಲಕ್ಕೆ ಎರಡೆರಡು ಇಟ್ಟಿಗೆ ಹಿಡಿಯುತ್ತಿದ್ದ, ಒಂದನ್ನೂ ಬಿಡಲಿಲ್ಲ. ಮೈದಾನದಲ್ಲಿ ನಿನಗೇನಾಗುತ್ತದೆ ಎಂದು ಕೇಳಿದೆ.

"ನೀವು ಕೈ ನೆಟ್ಟಗ್ ಇಡು ಅಂತೀರ ಸಾ. ಇಟ್ಗೆಗೆ ಹಂಗಿಟ್ರೆ ಚರ್ಮ ಕಿತ್ಕೊಂಡ್ ಹೋಗ್ತದೆ. ಅದು ಬಂದಂಗೇ ಕೈನೂ ಹಿಂದಕ್ ತಗೋಬೇಕು" ಎಂದ.

ಬೆಂಗಳೂರಿನ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದರೋ ಏನೋ, ನನ್ನ ತಲೆಗಂತೂ ಹೋಗಿರಲಿಲ್ಲ. ಅಂದಿನಿಂದ ಎಣಿಸುವುದನ್ನು ಬಿಟ್ಟೆ. ಗೂಡಿನ ಸಾಲಿನಂತೆಯೇ ಹುಡುಗರನ್ನು ನಿಲ್ಲಿಸಿ ಅವನನ್ನು ಮುಂದೆ ಬಿಟ್ಟೆ. ಉಳಿದವರು ಅವನ ಕೈ ನೋಡಿ ಕಲಿತರು. ಮೊದಲು ನಿಂತು, ಆಮೇಲೆ ನಡೆಯುತ್ತ, ಆಮೇಲೆ ಓಡುತ್ತ. ನಾನು ಮಾಡಿದ ದೊಡ್ಡ ಕೆಲಸವೆಂದರೆ ಬಾಯಿ ಮುಚ್ಚಿಕೊಂಡಿದ್ದದ್ದು.

ಆ ವರ್ಷ ಕೋಲಾರದಲ್ಲಿ ಬೆಳಿಗ್ಗೆ ಮುಳಬಾಗಿಲಿನವರನ್ನು ಸೋಲಿಸಿದೆವು. ಸಂಜೆ ಶ್ರೀನಿವಾಸಪುರದವರನ್ನೂ ಸೋಲಿಸಿದೆವು, ಎರಡೇ ಪಾಯಿಂಟಿನಲ್ಲಿ. ಕಂಬ ಉಳಿಯಿತು. ಆ ಮಾಸ್ತರರ ಮುಖ ಬಾಡುವುದನ್ನು ನೋಡಬೇಕೆಂದು ತಿರುಗಿದೆ. ಅವರು ನಗುತ್ತ ನನ್ನ ಕಡೆಗೇ ಓಡಿ ಬರುತ್ತಿದ್ದರು.

"ಎಂಥಾ ಕೈ ಸಾರ್ ನಿಮ್ಮ್ ಹುಡುಗ್ರದ್ದು! ಹೆಂಗ್ ಕಲಿಸಿದ್ರಿ? ನಂಗೂ ಹೇಳಿ."

ತೋಪಿನಲ್ಲಿ ಅವರು ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ಹೇಳಬೇಕಿತ್ತು. ಆದರೆ "ಎಲ್ಲಾ ಬೆಂಗಳೂರಿನ ತರಬೇತಿ" ಎಂದುಬಿಟ್ಟೆ. ಪಕ್ಕದಲ್ಲೇ ಆ ಗೂಡಿನ ಹುಡುಗ ಷೀಲ್ಡ್ ಅಪ್ಪಿಕೊಂಡು ನಿಂತಿದ್ದ. ನನ್ನ ಮುಖ ನೋಡಿದ.

ಸ್ಟೇಷನ್ನಿನಲ್ಲಿ ಸೋತವರ ಗುಂಪು ಮಾಸ್ತರರ ಸುತ್ತ ಕೂತು ಕಡಲೆಕಾಯಿ ತಿನ್ನುತ್ತ ಗಲಾಟೆ ಮಾಡುತ್ತಿತ್ತು. ಗೆದ್ದ ನನ್ನ ಹುಡುಗರು ನನ್ನಿಂದ ನಾಲ್ಕು ಮಾರು ದೂರ ಸುಮ್ಮನೆ ನಿಂತಿದ್ದರು. ಗೂಡಿನ ಹುಡುಗ ಬಂದು ಷೀಲ್ಡನ್ನು ನನ್ನ ಕೈಗಿಟ್ಟ.

"ಸಾ, ಅವ್ರ ಹತ್ರ ಸ್ವಲ್ಪ ಕೂತ್ಕೊಂಡ್ ಬರ್ಲಾ?"

ಹೋಗು ಎಂದೆ. ದೂರದಿಂದ ನೋಡುತ್ತಿದ್ದೆ. ಹುಡುಗ ಎರಡೂ ಕೈ ಚಾಚಿ, ನಿಧಾನವಾಗಿ ಎದೆಯ ಕಡೆಗೆ ಎಳೆದುಕೊಂಡು ತೋರಿಸುತ್ತಿದ್ದ. ಆ ದಪ್ಪ ಮನುಷ್ಯ ಕಡಲೆಕಾಯಿ ಬದಿಗಿಟ್ಟು, ಅವನ ಹಾಗೆಯೇ ಕೈ ಚಾಚಿ, ತಪ್ಪು ಮಾಡಿ, ನಕ್ಕು, ಮತ್ತೆ ಚಾಚುತ್ತಿದ್ದರು. ನನ್ನ ಬಳಿಗೆ ಹೀಗೆ ಒಬ್ಬ ಹುಡುಗನೂ ತಾನಾಗಿ ಬಂದು ಏನನ್ನೂ ತೋರಿಸಿರಲಿಲ್ಲ. ಅವತ್ತು ಆದಷ್ಟು ಹೊಟ್ಟೆಯುರಿ ಸೋತ ಎರಡು ವರ್ಷಗಳಲ್ಲಿ ಒಮ್ಮೆಯೂ ನನಗೆ ಆಗಿರಲಿಲ್ಲ.