ಉಡಿಗೆ ಬಂದ ಕೆಂಪು ಬಾಳೆ

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಬಾಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ರಿಪೋರ್ಟ್ ತರಲು ಹೋಗಿದ್ದ ನಮ್ಮ ಮನೆಯವರು ಫೋನಿನಲ್ಲಿ, "ನಿನಗ ಸಕ್ಕರಿ ಬ್ಯಾನಿ ಬಂದದಂತ" ಎಂದರು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ನಮ್ಮ ಕಮಲಾಪುರದಲ್ಲಿ ಬಸುರಿ ಮನೆಗೆ ಬಂದರೆ ಬಾಯಿಗೆ ಸಿಹಿ ಇಡುತ್ತಾರೆ, ಅದು ಅಕ್ಕರೆ. ಕಲಬುರಗಿಯ ಆಸ್ಪತ್ರೆಯಲ್ಲೂ ಸಿಹಿನೀರು ಕುಡಿಸಿದ್ದರು, ಅದು ಪರೀಕ್ಷೆ. ಮೂವತ್ತು ದಾಟಿದ ಮೇಲೆ, ಶರಣಬಸವಪ್ಪನನ್ನು ಬೇಡಿಕೊಂಡು ಪಡೆದ ಬಸುರು ನನ್ನದು. ಕೂಸಿಗೆ ಏನಾದರೂ ಆದರೆ?

"ಅಳಬ್ಯಾಡವ್ವ," ಎಂದರು ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ. "ಹೊರಗ ಕುಂತವರೊಳಗ ಎಷ್ಟೋ ಮಂದಿಗೆ ಇದೇ ಅದ. ನಿಮ್ಮ ಮನ್ಯಾಗ ಯಾರಿಗರ ಸಕ್ಕರಿ ಅದೇನು?"

"ನಮ್ಮ ಅವ್ವಗ ಅದರಿ."

"ಅದೂ ಒಂದು ಕಾರಣ. ವಯಸ್ಸು, ತೂಕ ಹೆಚ್ಚಿದ್ರೂ ಬರೋದು ಜಾಸ್ತಿ. ಸಿಹಿ ಬಿಟ್ಟು, ರೊಟ್ಟಿ ಲೆಕ್ಕ ಹಾಕಿ ಉಂಡು ಹತೋಟಿಯೊಳಗ ಇಟ್ಟರ ಕೂಸು ಚಂದ ಬರ್ತದ. ಹಡೆದ ಮ್ಯಾಲೆ ಭಾಳ ಮಂದಿಗೆ ಹೋಗ್ತದ. ಆದ್ರೂ ಮತ್ತ ಪರೀಕ್ಷೆ ಮಾಡಿಸ್ಬೇಕು."

ದೇವರು ದೊಡ್ಡವನು, ಹೋಗುವ ಬ್ಯಾನಿಯನ್ನೇ ಕೊಟ್ಟಿದ್ದ. ಆದರೆ 'ಅವ್ವನಿಂದ' ಎಂಬ ಮಾತನ್ನು ಅವ್ವನಿಗೆ ಹೇಗೆ ಹೇಳಲಿ? ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕುಬಸಕ್ಕೆಂದು ಆಕೆ ಹಿತ್ತಲಿನ ಕೆಂಪು ಬಾಳೆಗೊನೆಯನ್ನು ಕಾಯುತ್ತಿದ್ದಳು. ಇಲ್ಲಿ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕೆಂಪು ಬಾಳೆಯ ಬಂಡಿಯವನು "ಕಮಲಾಪುರದ್ದು ಅಕ್ಕಾ, ಲೇಲೋ" ಎಂದು ನನ್ನೂರನ್ನು ನನಗೇ ಕೂಗಿ ಮಾರುತ್ತಾನೆ. ನಾನು ನಿಂತು, ವಾಸನೆ ಎಳೆದುಕೊಂಡು ಮುಂದೆ ಹೋಗುತ್ತಿದ್ದೆ.

ಕುಬಸದ ದಿನ ಅವ್ವ ಬುಟ್ಟಿ ಇಳಿಸುತ್ತಿದ್ದಂತೆ ಎಲ್ಲ ಹೇಳಿಬಿಟ್ಟೆ. ಆಕೆ ಗೋಡೆಗೆ ಒರಗಿ ಕುಳಿತಳು.

"ಬಂಗಾರ ಕೊಡಲಾರದಾಕಿ ಸಕ್ಕರಿ ಕೊಟ್ಟೀನಿ ನೋಡವ್ವ ನಿನಗ."

"ನಿನ್ನ ಈ ಮೊಂಡು ಮೂಗೂ ಕೊಟ್ಟೀದಿ. ಅದಕ್ಕ ಎಂದರ ಏನರ ಅಂದೀನೇನು?"

ನಕ್ಕಳು. ಕಣ್ಣು ಒರೆಸಿಕೊಂಡು ಎದ್ದು, ಅಕ್ಕಿ, ಕೊಬ್ಬರಿ, ಬಳೆಗಳ ಮೇಲೆ ಬಾಳೆಹಣ್ಣನ್ನೂ ನನ್ನ ಸೆರಗಿಗೆ ಹಾಕಿದಳು. ನಾನು ಮುಖ ನೋಡಿದೆ.

"ಇವು ಉಡಿಗೆ. ಬಾಯಿಗಲ್ಲ. ಕೂಸು ಅಜ್ಜಿ ಊರಿನ ಭಾರ ನೋಡ್ಲಿ."

ಸಂಜೆಯ ಬಸ್ಸಿಗೆ ಅವ್ವ ಹೊರಟಳು. ಈ ಮನೆಗೆ ಮೊದಲ ಸಲ ನಮ್ಮ ಹಿತ್ತಲಿನ ವಾಸನೆ ಬಂದಿತ್ತು. ಊರಿಗೆ ಹೋದರೆ 'ಕಲಬುರಗಿಯಾಕಿ ಬಂದ್ಲು' ಎನ್ನುತ್ತಾರೆ. ಇಲ್ಲಿನ ಓಣಿಗೆ ನಾನು ಕಮಲಾಪುರದಾಕಿ. ಆ ಓಣಿಗೇ ಹಣ್ಣು ಹಂಚಿ ಬಂದೆ. ಆಮೇಲೆ ಕೈತೊಳೆದು, ಡಾಕ್ಟರಮ್ಮ ಹೇಳಿದಷ್ಟೇ ರೊಟ್ಟಿಗೆ ಹಿಟ್ಟು ನಾದಲು ಕುಳಿತೆ.