ಅತ್ತೆಯ ಪಾಲಿನ ತೀರ್ಥ

ಮುಕ್ತಿನಾಥಕ್ಕೆ ಹೋಗಬೇಕೆಂಬುದು ನಮ್ಮ ಅತ್ತೆಯವರ ಬಹುದಿನದ ಆಸೆ. ನೇಪಾಳ ಅವರ ಪಾಲಿಗೆ ಪರದೇಶವೇ ಅಲ್ಲ. ಸಾಲಿಗ್ರಾಮ ಸಿಗುವ ಗಂಡಕಿ ಹರಿಯುವ ನಾಡು ಪರದೇಶ ಹೇಗಾದೀತು? ಆದರೆ ಹಿಂದಿನ ವರ್ಷವಷ್ಟೇ ಕಾಮಾಲೆಯಿಂದ ಎದ್ದಿದ್ದರು. ಕಲಬುರಗಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನೀರು ಕುದಿಸೇ ಕೊಡ್ರಿ. ಇನ್ನೊಮ್ಮೆ ಕಾಮಣಿ ಆದ್ರ ಅವ್ರು ತಡ್ಕೊಳ್ಳಂಗಿಲ್ಲ" ಎಂದಿದ್ದರು.

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಿಂದ ಹೊರಟಾಗ ನನ್ನ ಚೀಲದಲ್ಲಿ ಸೀರೆಗಳಿಗಿಂತ ಭಾರವಾಗಿದ್ದದ್ದು ಪಂಪ್ ಸ್ಟೋವ್. ಯಾತ್ರೆಯ ತಂಡ ಇಳಿದಲ್ಲೆಲ್ಲ ನಾನು ಮಡಿಯುಟ್ಟು ನೀರು ಕುದಿಸುವುದು, ಅತ್ತೆ ಗೊಣಗುತ್ತ ಕುಡಿಯುವುದು.

"ಬಾಯಾಗ ಬೂದಿ ಹಾಕ್ಕೊಂಡಂಗ ಆಗ್ತದ. ಕಮಲಾಪುರದ ಬಾವಿ ನೀರ್ ಕುಡದಾಕಿ ನಾ!"

"ಆ ಬಾವಿ ನೀರಿಗೇ ಕಾಮಣಿ ಆದದ್ದು, ಅತ್ಯಾ" ಎನ್ನುತ್ತಿದ್ದೆ. ನಾನೂ ಬಾಯಿ ಬಿಗಿಹಿಡಿಯುವವಳಲ್ಲ.

ನಿಜವಾದ ಜಗಳ ಬಂದದ್ದು ಗಂಡಕಿಯ ದಂಡೆಯಲ್ಲಿ. ತಂಡದ ಜೊತೆಗಿದ್ದ ಆಚಾರ್ಯರು ಸಾಲಿಗ್ರಾಮಕ್ಕೆ ಹೊಳೆಯ ನೀರೆರೆದು, ಅತ್ತೆಯ ತಾಮ್ರದ ಪಂಚಪಾತ್ರೆಯ ತುಂಬ ತೀರ್ಥ ಕೊಟ್ಟರು. ಅವರು ಬಾಯಿಗೆತ್ತುವಷ್ಟರಲ್ಲಿ ನಾನು ಕೈ ಹಿಡಿದೆ.

"ಬ್ಯಾಡ್ರಿ ಅತ್ಯಾ, ಹಸಿ ನೀರದು."

"ಏ, ತೀರ್ಥಕ್ಕ ನೀರಂತೀಯೇನ? ಕೈಗ್ ಬಂದದ್ದು ಚೆಲ್ಲಿದ್ರ ಪಾಪ ಯಾರಿಗೆ?"

ಅವರ ಕಣ್ಣು ತುಂಬಿಬಂತು. "ಚೆಲ್ಲೂದು ಬ್ಯಾಡ. ನಿಮ್ ಪಾಲಿಂದು ನಾ ಕುಡೀತೀನಿ, ಪುಣ್ಯ ನಿಮಗೇ ಇರ್ಲಿ" ಎಂದು ಪಾತ್ರೆ ಕಸಿದುಕೊಂಡು ಗಟಗಟ ಕುಡಿದುಬಿಟ್ಟೆ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು! ನನಗೂ ಒಂದು ಹೊಟ್ಟೆಯಿದೆ ಎಂಬುದು ಆಗ ನೆನಪಿಗೇ ಬರಲಿಲ್ಲ.

ಅದಾದ ಮೂರನೆಯ ದಿನ ಪೋಖರಾದಲ್ಲಿ, ಮುಕ್ತಿನಾಥಕ್ಕೆ ಹೊರಡುವ ಬೆಳಿಗ್ಗೆಯೇ, ವಾಂತಿಭೇದಿಯಾಗಿ ಹಾಸಿಗೆ ಹಿಡಿದೆ. ತಂಡ ಕಾಯುವಂತಿರಲಿಲ್ಲ. "ನೀವ್ ಹೋಗಿ ಬರ್ರಿ ಅತ್ಯಾ, ಮತ್ತ ಬರ್ಲಿಕ್ಕೆ ಆಗಂಗಿಲ್ಲ" ಎಂದು ಕೈ ಮುಗಿದೆ.

ಅತ್ತೆ ಕಟ್ಟಿದ್ದ ಗಂಟು ಬಿಚ್ಚತೊಡಗಿದರು. "ಬಾಯಿ ಮುಚ್ಕೊಂಡು ಮಲ್ಕೊ" ಎಂದರು, ಅಷ್ಟೇ.

ಸ್ಟೋವಿಗೆ ಪಂಪ್ ಹೊಡೆದು ಗೊತ್ತಿಲ್ಲದವರು ಅಂದು ಕಲಿತರು. ನೀರು ಕೊತಕೊತ ಕುದಿಸಿ, ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದು ಆರಿಸಿ, ಸಕ್ಕರೆ ಉಪ್ಪು ಕಲಸಿ ಚಮಚದಿಂದ ಕುಡಿಸಿದರು. ಎಂಜಲು, ಮೈಲಿಗೆ ಯಾವುದನ್ನೂ ಎಣಿಸಲಿಲ್ಲ. ನಾನು ಎದ್ದು ಕೂರುವ ಹೊತ್ತಿಗೆ ತಂಡ ದರ್ಶನ ಮುಗಿಸಿ ಬಂದಿತ್ತು. ಅದರ ಜೊತೆಗೇ ಊರಿಗೆ ಮರಳಿದೆವು. ಅತ್ತೆ ಮುಕ್ತಿನಾಥನನ್ನು ನೋಡಲೇ ಇಲ್ಲ. ಆ ಸಂಕಟ ನನಗೆ ಇಂದಿಗೂ ಇದೆ.

ಯಾತ್ರೆಯಿಂದ ಬಂದವರು ಊಟ ಹಾಕಿ ತೀರ್ಥ ಹಂಚುವುದು ನಮ್ಮಲ್ಲಿ ರೂಢಿ. ಅತ್ತೆಯ ಊರಾದ ಕಮಲಾಪುರದ ಹಳೆಯ ಮನೆಯಲ್ಲಿ ಬಂಧುಬಳಗವೆಲ್ಲ ಅಂಗೈ ಒಡ್ಡಿ ಸಾಲಾಗಿ ಕೂತಿತ್ತು. ಗಂಡಕಿಯಿಂದ ತುಂಬಿ ತಂದ ಗಿಂಡಿ ದೇವರ ಮುಂದೆ ಬರಿದಾಗಿತ್ತು. ಅತ್ತೆ ಅಡುಗೆಮನೆಯಿಂದ ಹಿಡಿದು ತಂದ ಪಾತ್ರೆಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ತೀರ್ಥವನ್ನು ಒಲೆಯ ಮೇಲಿಟ್ಟವರು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ.

"ಅವ್ವಾ, ಏನಿದು?" ಎಂದು ನನ್ನ ಭಾವ ಹೌಹಾರಿದರು.

"ಕುದಿಸೀನಿ. ಬ್ಯಾಡಾದವ್ರು ಎದ್ದು ಹೋಗ್ರಿ."

ಯಾರೂ ಏಳಲಿಲ್ಲ. ಅತ್ತೆ ಹಿರಿಯರನ್ನೆಲ್ಲ ದಾಟಿ, ಸಾಲಿನ ಕೊನೆಗೆ ಕೂತಿದ್ದ ನನ್ನ ಅಂಗೈಗೆ ಮೊದಲ ತೀರ್ಥ ಹಾಕಿ, "ಊದ್ಕೊಂಡು ಕುಡಿ, ಇನ್ನಾ ಬಿಸಿ ಅದ" ಎಂದರು.