ಕೊಂಡವಾಡದ ಬಾಗಿಲಲ್ಲಿ ಇಂದ್ರವ್ವ

ಬೇವೂರಿನ ಇಂದ್ರವ್ವನ ಗಂಡ 1953ರಲ್ಲಿ ಗುಡ್ಡದ ಮೇಲೆ ಕುರಿ ಕಾಯುವಾಗ ಮಿಲಿಟರಿಯವರ ಗುಂಡು ತಗಲಿ ಸತ್ತ. ಅಂದು ಅಲ್ಲಿ ಬಂದೂಕಿನ ತಾಲೀಮು ನಡೆದಿತ್ತು. ಮೊದಲೇ ಊರಲ್ಲಿ ಡಂಗುರ ಹೊಡೆಸಿ, ಗುಡ್ಡಕ್ಕೆ ಕೆಂಪು ಬಾವುಟ ಕಟ್ಟಿಸಬೇಕಾದವನು ಪಕ್ಕದೂರಿನವನೇ ಆದ ಹವಾಲ್ದಾರ ದುರಗಪ್ಪ. ಅವನು ಎರಡನ್ನೂ ಮಾಡಿರಲಿಲ್ಲ.

ಅವನ ಮೇಲೆ ಕೇಸು ಹಾಕಲು ಇಂದ್ರವ್ವ ಬಾಗಲಕೋಟೆಯ ಕೋರ್ಟಿಗೆ ಎಡತಾಕಿ ಎಡತಾಕಿ ಚಪ್ಪಲಿ ಸವೆಸಿದಳು.

"ಅಂವಾ ಡ್ಯೂಟಿ ಮ್ಯಾಲಿದ್ದನವಾ. ಸರಕಾರದ ಪರವಾನಗಿ ಇಲ್ಲದ ಕೇಸು ನಡಿಯೂದಿಲ್ಲ," ಎಂದರು ಪ್ರಾಣೇಶ ವಕೀಲರು.

ಆ ಪರವಾನಗಿ ಬರಲೇ ಇಲ್ಲ. ಬಂದವನು ದುರಗಪ್ಪ! ಪೆನ್ಶನ್ ತಗೊಂಡು, ಮೀಸೆ ತಿರುವುತ್ತ, ಇಂದ್ರವ್ವನ ಹೊಲದ ಪಕ್ಕದಲ್ಲೇ ಒಕ್ಕಲುತನಕ್ಕೆ ನಿಂತ.

ಒಂದು ದಿನ ಅವನ ಎತ್ತು ಅವಳ ಜೋಳಕ್ಕೆ ನುಗ್ಗಿತು. ಇಂದ್ರವ್ವ ಅದನ್ನು ಹೊಡೆದುಕೊಂಡು ಹೋಗಿ, ತುಡುಗು ದನ ಕೂಡಿಹಾಕುವ ಕೊಂಡವಾಡಕ್ಕೆ ಅಟ್ಟಿ, ಬಾಗಿಲಲ್ಲೇ ಕೂತಳು. ಎತ್ತು ಬಿಡಿಸಲು ಬಂದ ದುರಗಪ್ಪ ಹರಿಹಾಯ್ದ: "ಮೂಕಪ್ರಾಣಿ ಬಾಯಿ ಹಾಕಿದ್ರ ನನಗ್ಯಾಕ ದಂಡ? ನಾ ಮೇದೀನೇನು?"

ಇಂದ್ರವ್ವ ಸೆರಗು ಬಿಗಿದು ಎದ್ದಳು.

"ಬಿಟ್ಟಾಂವ ನೀನಲ್ಲೇನು? ಹಿಡಿ ಜ್ವಾಳಕ್ಕ ಬಾಯಿ ಹಾಕಿದ ಎತ್ತು ಒಳಗ ನಿಂತೈತಿ, ಅದರ ಮಾಲಕ ಬಂದು ಜವಾಬು ಕೊಡಾಕತ್ತಾನ. ನನ್ನ ಗಂಡನ ಜೀವಾ ನುಂಗಿದ ನಿನ್ನ ಕೂಡಿಹಾಕೂ ಕೊಂಡವಾಡ ಯಾವೂರಾಗೈತೋ, ಹವಾಲ್ದಾರ? ನಿನ್ನ ಮಾಲಕ ಯಾರು? ಕರಕೊಂಡ ಬಾ ಅವನ್ನ!"